ಇಮಾಮ್ ಬಯಿಲ್ದಿ, ಏಳನೇ ಸಲ: ಹೂರಣದ ಕೆಳಗೆ ಬೇಯದೆ ಉಳಿಯುತ್ತಿದ್ದ ಆ ಪಟ್ಟಿ

ಕೊನೆಗೂ ಬೆಂದಿತು! ನಿನ್ನೆ ರಾತ್ರಿ ಮಾಡಿಟ್ಟ ಇಮಾಮ್ ಬಯಿಲ್ದಿಯನ್ನು, ಅಂದರೆ ಟರ್ಕಿಯ ಹೂರಣ ತುಂಬಿದ ಬದನೆಕಾಯಿಯನ್ನು, ಇವತ್ತು ಮಧ್ಯಾಹ್ನ ಚಮಚದ ಅಂಚಿನಿಂದಲೇ ಕತ್ತರಿಸಿದೆ. ಚಾಕು ಬೇಕಾಗಲಿಲ್ಲ. ತೊಟ್ಟಿನ ಹತ್ತಿರ, ಮಧ್ಯದಲ್ಲಿ, ಹೂರಣದ ಅಡಿಯಲ್ಲಿ, ಎಲ್ಲಾ ಕಡೆ ಒಂದೇ ಹದ. ಕಿತ್ತಳೆ ಬಣ್ಣಕ್ಕೆ ತಿರುಗಿದ ಎಣ್ಣೆ ತಟ್ಟೆಯಲ್ಲಿ ನಿಧಾನಕ್ಕೆ ಹರಡಿತು. ಎರಡು ತಿಂಗಳಲ್ಲಿ ಇದು ಏಳನೇ ಸಲ. ಖುಷಿ ತಡೆಯಲಾಗದೆ ಬರೆಯಲು ಕೂತಿದ್ದೇನೆ.

ಟೊಮೆಟೊ ಸಿಪ್ಪೆ ತೆಗೆಯುವುದು, ಪಾರ್ಸ್ಲಿ ಹೆಚ್ಚುವುದು ಇವೆಲ್ಲ ನಿಮಗೆ ಗೊತ್ತೇ ಇದೆ, ಬಿಟ್ಟುಬಿಡುತ್ತೇನೆ. ಈರುಳ್ಳಿ ಬಗ್ಗೆ ಮಾತ್ರ ಒಂದು ಮಾತು. ಧಾರಾಳವಾಗಿ ಹಾಕಿ. ಎರಡು ಬದನೆಕಾಯಿಗೆ ಎರಡು ದೊಡ್ಡ ಈರುಳ್ಳಿ ಜಾಸ್ತಿ ಅನ್ನಿಸಬಹುದು, ಆದರೆ ಸಣ್ಣ ಉರಿಯಲ್ಲಿ 20 ನಿಮಿಷ ಬಾಡಿದ ಮೇಲೆ ಅದು ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಇನ್ನು ಎಣ್ಣೆ. ಟರ್ಕಿಯಲ್ಲಿ ಈ ಅಡುಗೆ ‘ಝೇತಿನ್‌ಯಾಲಿ’ ಗುಂಪಿಗೆ ಸೇರಿದ್ದು. ಅಂದರೆ ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಆರಿದ ಮೇಲೆ ತಿನ್ನುವಂಥದ್ದು. ಬೆಣ್ಣೆಯಲ್ಲಿ ಮಾಡಿದರೆ ಆರಿದಾಗ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂರುತ್ತದೆ. ಬಿಸಿಬಿಸಿ ತಿನ್ನಲು ಬೇಕಿದ್ದರೆ ಮಾಂಸದ ಹೂರಣದ ‘ಕರ್ನಿಯಾರಿಕ್’ ಇದೆ. ಅದು ಬೇರೆಯೇ ಅಡುಗೆ.

ಈಗ ನನ್ನನ್ನು ಕಾಡಿದ ವಿಷಯ. ಬದನೆಕಾಯಿಯನ್ನು ಉದ್ದಕ್ಕೆ ಸೀಳಿ, ಹೂರಣ ತುಂಬಿ, ಓವನ್‌ನಲ್ಲಿ ಬೇಯಿಸುತ್ತಿದ್ದೆ. ಹೊರಗಿನ ತಿರುಳು ಬೆಣ್ಣೆಯಂತೆ ಆಗುತ್ತಿತ್ತು. ಆದರೆ ಹೂರಣಕ್ಕೆ ತಾಗಿಕೊಂಡ ಭಾಗ, ಅರ್ಧ ಬೆರಳು ದಪ್ಪದ ಒಂದು ಪಟ್ಟಿ, ಬೇಯುತ್ತಲೇ ಇರಲಿಲ್ಲ. ಹಸಿರು ಮಿಶ್ರಿತ ಬಿಳಿ ಬಣ್ಣ. ಒತ್ತಿದರೆ ಸ್ಪಂಜಿನ ಹಾಗೆ ಮತ್ತೆ ಮೇಲೇಳುತ್ತಿತ್ತು. ಅಗಿದರೆ ಹಲ್ಲಿಗೆ ಕಿರ್ ಅನ್ನುತ್ತಿತ್ತು. ಒಳ್ಳೆಯ ಹೂರಣ, ಒಳ್ಳೆಯ ಸಿಪ್ಪೆ, ನಡುವೆ ಇದೊಂದು ರಬ್ಬರ್!

ಮೊದಲು ಶಾಖದ ಮೇಲೆ ಅನುಮಾನ ಬಂತು. 180 ಡಿಗ್ರಿಯಿಂದ 200ಕ್ಕೆ ಏರಿಸಿದೆ. ಈರುಳ್ಳಿಯ ತುದಿಗಳು ಸೀದವು, ಪಟ್ಟಿ ಹಾಗೇ ಉಳಿಯಿತು. 160ಕ್ಕೆ ಇಳಿಸಿ, ಮುಚ್ಚಿ, ಒಂದೂವರೆ ಗಂಟೆ ಇಟ್ಟೆ. ಬದನೆಯ ಬಾಲ ಕರಗಿ ಬಿದ್ದುಹೋಯಿತು. ಪಟ್ಟಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಬದನೆಕಾಯಿ ಬದಲಿಸಿದೆ. ದಪ್ಪ ಗುಂಡನೆಯದು ಬಿಟ್ಟು ಉದ್ದನೆಯ ತೆಳುವಾದದ್ದು ತಂದೆ. ಕೊಂಚ ಸುಧಾರಿಸಿತು, ಅಷ್ಟೇ. ನಾಲ್ಕನೇ ಸಲಕ್ಕೆ ತರಕಾರಿ ಕಳಿಸುವವರು ಕೊಟ್ಟದ್ದಂತೂ ಸೀಳಿದ ಕೂಡಲೇ ಎಸೆಯುವ ಹಾಗಿತ್ತು. ಹೊರಗೆ ಮಿರಿಮಿರಿ ಮಿಂಚು, ಒಳಗೆ ಬೀಜವೆಲ್ಲ ಕಂದು, ಸುತ್ತಲಿನ ತಿರುಳೂ ಕಪ್ಪಿಟ್ಟಿತ್ತು. ಇದು ಹುಳು ಅಲ್ಲ, ಕೊಳೆತವೂ ಅಲ್ಲ. ತುಂಬಾ ತಂಪಿನಲ್ಲಿಟ್ಟದ್ದರ ಫಲ. ಬದನೆ ಬಿಸಿಲ ನಾಡಿನ ಗಿಡ. 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇಟ್ಟರೆ ಬೀಜ ಕಂದಾಗುತ್ತದೆ, ಸಿಪ್ಪೆಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಎಲೆಕೋಸಿನ ಜೊತೆ ಅದೇ ಶೀತದ ಕೋಣೆಗೆ ತಳ್ಳುವವರಿಗೆ ಇದನ್ನು ಯಾರಾದರೂ ಹೇಳಬೇಕು, ಅಲ್ವಾ? ಫೋನ್ ಮಾಡಿ ಹೇಳಿದರೆ ‘ಫ್ರೆಶ್ ಇದೆಯಲ್ಲ, ಹೊಳೀತಾ ಇದೆಯಲ್ಲ’ ಅಂದರು. ಅವತ್ತಿನಿಂದ ಸುಮ್ನೆ ಹೊಳಪು ನೋಡಿ ತರುವುದಿಲ್ಲ. ತೊಟ್ಟಿನ ಟೋಪಿ ಹಸಿರಾಗಿರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಮತ್ತೆ ತುಂಬಿಕೊಳ್ಳಬೇಕು. ಗಾತ್ರಕ್ಕೆ ತಕ್ಕ ತೂಕ ಇರಬೇಕು.

ಐದನೇ ಸಲ ಉಪ್ಪು. ಕಹಿ ತೆಗೆಯಲು ಅಂತ ಹಳಬರು ಹೇಳುತ್ತಾರೆ, ಆದರೆ ಈಗಿನ ತಳಿಗಳಲ್ಲಿ ಕಹಿ ಅಷ್ಟಾಗಿ ಇರುವುದಿಲ್ಲ. ನನಗೆ ಬೇಕಿದ್ದದ್ದು ಬೇರೆ. ಬದನೆಯ ತಿರುಳಿನ ತುಂಬ ಸಣ್ಣ ಸಣ್ಣ ಗಾಳಿಯ ಪೊಳ್ಳು. ಹಸಿಯಾಗಿ ಎಣ್ಣೆಗೆ ಬಿಟ್ಟರೆ ಎಣ್ಣೆ ಆ ಪೊಳ್ಳುಗಳಿಗೆ ನುಗ್ಗುತ್ತದೆ. ಉಪ್ಪು ನೀರನ್ನು ಎಳೆದಾಗ ಗೋಡೆಗಳು ಕುಸಿದು ಪೊಳ್ಳು ಮುಚ್ಚಿಕೊಳ್ಳುತ್ತದೆ. ಒಂದೇ ಬದನೆಯ ಎರಡು ಹೋಳಿನಲ್ಲಿ ಪರೀಕ್ಷಿಸಿದೆ. ತಲಾ 4 ದೊಡ್ಡ ಚಮಚ ಎಣ್ಣೆ. ಉಪ್ಪು ಹಾಕದ ಹೋಳು ಮೂರು ನಿಮಿಷದಲ್ಲಿ ಬಾಣಲೆಯನ್ನೇ ಒಣಗಿಸಿತು. 40 ನಿಮಿಷ ಉಪ್ಪಿನಲ್ಲಿ ಕೂತು, ಹಿಂಡಿ ಒರೆಸಿದ ಹೋಳು ಸುಮಾರು ಅರ್ಧ ಎಣ್ಣೆ ಉಳಿಸಿತು.

ಇಮಾಮ್ ಬಯಿಲ್ದಿ ಅಂದರೆ ‘ಇಮಾಮ್ ಮೂರ್ಛೆ ಹೋದ’ ಅಂತ. ಯಾಕೆ ಹೋದ ಅನ್ನುವುದಕ್ಕೆ ಹಲವು ಕತೆಗಳಿವೆ. ನನಗೆ ಇಷ್ಟವಾದದ್ದು ಹನ್ನೆರಡು ಜಾಡಿ ಎಣ್ಣೆಯ ಕತೆ. ಎಣ್ಣೆ ವ್ಯಾಪಾರಿಯ ಮಗಳು ಇಮಾಮನನ್ನು ಮದುವೆಯಾಗಿ, ತವರಿನಿಂದ ಹನ್ನೆರಡು ಜಾಡಿ ಆಲಿವ್ ಎಣ್ಣೆ ತಂದಳಂತೆ. ಹನ್ನೆರಡು ರಾತ್ರಿ ಬದನೆ ಅಡುಗೆ ಮಾಡಿದಳು. ಹದಿಮೂರನೇ ರಾತ್ರಿ ಬದನೆ ಎಲ್ಲಿ ಅಂದರೆ, ಎಣ್ಣೆ ಮುಗಿಯಿತು ಅಂದಳು. ಇಮಾಮ್ ಅಲ್ಲೇ ಬಿದ್ದ. ನನ್ನ ಲೆಕ್ಕದಲ್ಲಿ ಅವಳು ಉಪ್ಪು ಹಾಕಿಟ್ಟಿದ್ದರೆ ಅವನು ಇಪ್ಪತ್ತನಾಲ್ಕನೇ ರಾತ್ರಿಯವರೆಗೂ ನೆಟ್ಟಗೆ ಕೂತು ಉಣ್ಣುತ್ತಿದ್ದ.

ಎಣ್ಣೆ ಉಳಿಯಿತು ಸರಿ, ಪಟ್ಟಿ? ಅದು ಹಾಗೇ ಇತ್ತು.

ಸುಳಿವು ಸಿಕ್ಕಿದ್ದು ಆರನೇ ಸಲ. ಹೂರಣ ಸಾಲದೆ ಬಂದು, ಒಂದು ಬದನೆಯ ಸೀಳಿನ ತುದಿ ಖಾಲಿ ಉಳಿದಿತ್ತು. ಬೇಯಿಸಿ ತೆಗೆದಾಗ ಆ ಖಾಲಿ ತುದಿ ಪೂರ್ತಿ ಬೆಂದಿದೆ! ಅದೇ ಬದನೆ, ಅದೇ ತಟ್ಟೆ, ಅದೇ 50 ನಿಮಿಷ. ಹೂರಣ ಶುರುವಾದಲ್ಲಿಂದ ಪಟ್ಟಿಯೂ ಶುರು. ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹೂರಣದಲ್ಲಿ ಏನಿದೆ? ಈರುಳ್ಳಿ, ಬೆಳ್ಳುಳ್ಳಿ, ಪಾರ್ಸ್ಲಿ, ಮತ್ತೆ ಟೊಮೆಟೊ. ಟೊಮೆಟೊದಲ್ಲಿ ಹುಳಿ.

ಕಾಳು ಬೇಯುವ ಮೊದಲೇ ಹುಳಿ ಹಾಕಿದರೆ ಕಾಳು ಗಟ್ಟಿಯಾಗೇ ಉಳಿಯುತ್ತದೆ ಅಂತ ನಮಗೆಲ್ಲ ಗೊತ್ತು. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಬದನೆಗೂ ಅದೇ ನಿಯಮ. ಇಷ್ಟು ದಿನ ಆ ಕಡೆ ಯೋಚನೆಯೇ ಹೋಗಿರಲಿಲ್ಲ.

ಆದರೂ ಕಣ್ಣಾರೆ ನೋಡಬೇಕಿತ್ತು. ಹೂರಣ ಮುಚ್ಚಿಕೊಂಡಿದ್ದರಿಂದ ಶಾಖ ತಲುಪಿಲ್ಲ ಅಂತಲೂ ಇರಬಹುದಲ್ಲ? ಒಂದೇ ಬದನೆಯಿಂದ ಒಂದೇ ದಪ್ಪದ ಮೂರು ಬಿಲ್ಲೆ ಕತ್ತರಿಸಿದೆ. ಮೂರು ಪುಟ್ಟ ಪಾತ್ರೆ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಟೊಮೆಟೊ ರಸ, ಮತ್ತೊಂದರಲ್ಲಿ ನೀರಿಗೆ ಎರಡು ಚಮಚ ವಿನೆಗರ್. ಮುಚ್ಚಳ ಹಾಕಿ 15 ನಿಮಿಷ ಕುದಿಸಿದೆ. ನೀರಿನದು ಚಮಚ ತಾಗಿಸಿದರೆ ಕುಸಿಯಿತು. ಟೊಮೆಟೊದ್ದು ಒತ್ತಿದರೆ ಬಗ್ಗಿತು, ಮುರಿಯಲಿಲ್ಲ. ವಿನೆಗರ್‌ನದ್ದು ಅದಕ್ಕಿಂತ ಗಟ್ಟಿ, ಅಂಚು ಇನ್ನೂ ಚೂಪಾಗಿತ್ತು. ಅದನ್ನು ಬಾಯಿಗೆ ಹಾಕಿಕೊಂಡರೆ ಅದೇ ಕಿರ್. ಹಳೇ ಪರಿಚಯದ ಸದ್ದು.

ಅಂದಮೇಲೆ ದಾರಿ ಒಂದೇ. ಟೊಮೆಟೊ ಹತ್ತಿರ ಬರುವ ಮೊದಲೇ ಬದನೆ ಪೂರ್ತಿ ಬೆಂದಿರಬೇಕು. ಟರ್ಕಿಯ ಮನೆಗಳಲ್ಲಿ ಮಾಡುವುದೂ ಹಾಗೇ. ಇಡೀ ಬದನೆಯನ್ನು ಮೊದಲು ಎಣ್ಣೆಯಲ್ಲಿ ಕರಿದು ಮೆತ್ತಗಾಗಿಸಿ, ಆಮೇಲೆ ಸೀಳಿ ತುಂಬುತ್ತಾರೆ. ಎಣ್ಣೆ ಉಳಿಸೋಣ ಅಂತ ನಾನು ಕೈಬಿಟ್ಟಿದ್ದು ಸರಿಯಾಗಿ ಆ ಹಂತವನ್ನೇ. ಕರಿಯುವುದು ರುಚಿಗೆ ಮಾತ್ರ ಅಂದುಕೊಂಡಿದ್ದೆ.

ನಿನ್ನೆ ಮಾಡಿದ್ದು ಹೀಗೆ. ಪಟ್ಟೆ ಪಟ್ಟೆಯಾಗಿ ಸಿಪ್ಪೆ ತೆಗೆದು, ಉಪ್ಪುನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಹಿಂಡಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಇಲ್ಲಿ ಸೋಮಾರಿತನ ಬೇಡ, ಒದ್ದೆ ಬದನೆ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ. ಮಧ್ಯಮ ಉರಿಯಲ್ಲಿ ಹೊರಳಿಸುತ್ತಾ 15 ನಿಮಿಷ ಕರಿದೆ. ಇಕ್ಕಳದಲ್ಲಿ ಹಿಡಿದಾಗ ನಡುವೆ ಎಲ್ಲೂ ಗಟ್ಟಿ ಸಿಗಬಾರದು. ಸೀಳಿ, ಚಮಚದ ಬೆನ್ನಿನಿಂದ ತಿರುಳನ್ನು ಎರಡೂ ಬದಿಗೆ ಒತ್ತಿ ದೋಣಿ ಮಾಡಿದೆ. ಹೂರಣ ತುಂಬಿ, ಅರ್ಧ ಲೋಟ ಬಿಸಿನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 25 ನಿಮಿಷ. ಓವನ್ ಹಚ್ಚಲೇ ಇಲ್ಲ. ಅದೇ ಪಾತ್ರೆಯಲ್ಲಿ ಆರಲು ಬಿಟ್ಟೆ. ಬೆಂದು ಕುಸಿದ ತಿರುಳು ಕುಡಿದಿದ್ದ ಎಣ್ಣೆಯನ್ನು ಬಿಟ್ಟುಕೊಡುತ್ತದೆ. ತಳದಲ್ಲಿ ನಿಂತ ಆ ಎಣ್ಣೆಯಲ್ಲಿ ಬ್ರೆಡ್ ಅದ್ದಿ ತಿನ್ನಬೇಕು. ಆರಿದ ಮೇಲೆ ಫ್ರಿಜ್‌ಗೆ ಸೇರಿಸಿ, ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆದೆ.

ಹುಳಿಯ ಈ ಗುಣ ನೋಡಿದ ಮೇಲೆ ನನ್ನ ತಲೆ ಆಗಲೇ ಮಕ್ದೂಸ್ ಕಡೆ ಓಡಿದೆ. ಸಿರಿಯಾ, ಲೆಬನಾನ್ ಕಡೆಯ ಎಣ್ಣೆಯಲ್ಲಿಟ್ಟ ಪುಟ್ಟ ಬದನೆ. ಕುದಿಸಿ, ಸೀಳಿ ಉಪ್ಪು ತುಂಬಿ, ಮೇಲೆ ಭಾರ ಹೇರಿ ನೀರು ಇಳಿಸಿ, ಅಕ್ರೋಟು, ಕೆಂಪು ಮೆಣಸು, ಬೆಳ್ಳುಳ್ಳಿ ತುಂಬುತ್ತಾರೆ. ಆಮೇಲೆ ಜಾಡಿಗೆ ಜೋಡಿಸಿ ಆಲಿವ್ ಎಣ್ಣೆ ಸುರಿಯುತ್ತಾರೆ. ಜಾಡಿಯಲ್ಲಿ ಕೂತು ತಾನೇ ಹುಳಿಯಾಗುತ್ತದೆ. ಇಲ್ಲಿ ಗಟ್ಟಿತನವೇ ಬೇಕು, ನನ್ನ ಶತ್ರು ಅಲ್ಲಿ ಗೆಳೆಯ! ಆದರೆ ಎಣ್ಣೆಯ ಕೆಳಗೆ ಗಾಳಿ ಇರುವುದಿಲ್ಲ. ಹುಳಿ ಸಾಲದಿದ್ದರೆ ಬೊಟುಲಿಸಂ ಅನ್ನುವ ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರ ವಿಷ ತರುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯಬಲ್ಲದು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗಿದೆ ಅಂತ ಖಾತ್ರಿಯಾಗದೆ ಹೊರಗಿಟ್ಟ ಜಾಡಿಯಿಂದ ಒಂದನ್ನೂ ತಿನ್ನುವುದಿಲ್ಲ. ಅದಕ್ಕೆ ಪಿಎಚ್ ನೋಡುವ, ಬಣ್ಣ ಬದಲಾಗುವ ಕಾಗದ ತರಿಸಿದೆ. 0.2 ಅಂತರದ್ದು ಬೇಕು ಅಂತ ಬರೆದಿದ್ದೆ. ಬಂದದ್ದು 1ರಿಂದ 14ರವರೆಗಿನದು, ಬಣ್ಣ ಬದಲಾಗುವುದು ಒಂದೊಂದು ಅಂಕಿಗೆ. 4 ಇದೆಯೋ 5 ಇದೆಯೋ ಅಂತ ಕಿಟಕಿ ಬೆಳಕಲ್ಲಿ ಹಿಡಿದು ಊಹಿಸಿ ಜಾಡಿ ಮುಚ್ಚಲು ನನಗೆ ಧೈರ್ಯವಿಲ್ಲ. ವಾಪಸ್ ಕಳಿಸಿದ್ದೇನೆ, ಸರಿಯಾದದ್ದು ಬರುವವರೆಗೆ ಅಕ್ರೋಟು ಡಬ್ಬಿಯಲ್ಲೇ ಇರಲಿ.

ಅಷ್ಟರಲ್ಲಿ ಇನ್ನೊಂದು ನೋಡಬೇಕು. ಕರಿಯುವ ಬದಲು ಹಬೆಯಲ್ಲಿ ಮೊದಲೇ ಬೇಯಿಸಿದರೂ ಪಟ್ಟಿ ಹೋಗಲೇಬೇಕು. ಎಣ್ಣೆಯ ರುಚಿ ಎಷ್ಟು ಕಡಿಮೆಯಾಗುತ್ತದೆ ಅನ್ನುವುದೇ ಪ್ರಶ್ನೆ. ಹಸಿರು ಟೋಪಿಯ ಎರಡು ಬದನೆ ಅಡುಗೆಮನೆ ಕಟ್ಟೆಯ ಮೇಲಿವೆ. ಫ್ರಿಜ್‌ನಿಂದ ದೂರ.