ನಲವತ್ತು ಅಂತ ಬರೀರಿ

"ಉದ್ಯೋಗ ಎಷ್ಟು ಅಂತ ಒಂದು ಕಾಲಂ ಇದೆ ಸರ್. ಎಷ್ಟು ಹಾಕಲಿ?"

"ನಲವತ್ತು ಅಂತ ಬರೀರಿ. ಯಾರು ಎಣಿಸ್ತಾರೆ?"

ಈ ವಾರ ಪೀಣ್ಯ ಎರಡನೇ ಹಂತದ ಟೀ ಅಂಗಡಿ ಮುಂದೆ ಕಿವಿಗೆ ಬಿದ್ದ ಮಾತಿದು. ಪ್ರಶ್ನೆ ಹಾಕಿದವನು ಬಾಡಿಗೆ ಶೆಡ್ಡಿನಲ್ಲಿ ಜಾಬ್‌ವರ್ಕ್, ಅಂದರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ, ನಡೆಸುವ ಹುಡುಗ. ತುಮಕೂರಿನಾಚೆ ವಸಂತನರಸಾಪುರದಲ್ಲಿ ಆರು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ, ಯಂತ್ರ ಹಾಕಲು ಹೊರಟವನು. ಉತ್ತರ ಕೊಟ್ಟವರು ಘಟಕದ ಅನುಮತಿಗೆ ಸರ್ಕಾರಕ್ಕೆ ಹಾಕುವ ಅರ್ಜಿ ತುಂಬಿಕೊಡುವ ಕನ್ಸಲ್ಟೆಂಟು. ಕೆಟ್ಟ ಮನುಷ್ಯ ಅನ್ನಿಸಲಿಲ್ಲ. ಯಾವ ಕಾಗದ ಯಾವ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಆದರೆ ಆ "ಯಾರು ಎಣಿಸ್ತಾರೆ" ಅನ್ನುವಾಗ ಅವರು ನಗಲೂ ಇಲ್ಲ, ದನಿ ತಗ್ಗಿಸಲೂ ಇಲ್ಲ. ಪಿನ್‌ಕೋಡ್ ಹೇಳಿದ ಹಾಗೆ ಹೇಳಿ ಮುಂದಿನ ಕಾಲಮ್ಮಿಗೆ ಹೋದರು.

ಆರು ಯಂತ್ರಕ್ಕೆ ಎಷ್ಟು ಜನ ಬೇಕು ಅನ್ನುವುದಕ್ಕೆ ಲೆಕ್ಕವಿದೆ. ಒಂದು ಪೀಸ್ ತಯಾರಾಗಲು ನಾಲ್ಕೈದು ನಿಮಿಷ ಹಿಡಿಯುವ ಕೆಲಸವಾದರೆ ಒಬ್ಬ ಆಪರೇಟರ್ ಎರಡು ಯಂತ್ರ ನೋಡಿಕೊಳ್ಳುತ್ತಾನೆ. ಪಾಳಿಗೆ ಮೂವರು, ಮೂರು ಪಾಳಿಗೆ ಒಂಬತ್ತು. ವಾರದ ರಜೆಗೆ ಬದಲಿ ಇಬ್ಬರು, ಯಂತ್ರ ಹೊಂದಿಸಿಕೊಡುವ ಸೆಟ್ಟರ್ ಇಬ್ಬರು, ಅಳತೆ ನೋಡಲು ಇಬ್ಬರು, ಡೀಬರಿಂಗ್ (ಪೀಸಿನ ಚೂಪು ಅಂಚು ಉಜ್ಜುವುದು) ಮತ್ತು ಪ್ಯಾಕಿಂಗಿಗೆ ಮೂವರು, ಲೆಕ್ಕಪತ್ರಕ್ಕೊಬ್ಬರು, ಮಾಲು ತಂದು ಮುಟ್ಟಿಸಲು ಒಬ್ಬರು. ಒಟ್ಟು 20. ಮೂರನೇ ಪಾಳಿಗೆ ಆರ್ಡರ್ ಇಲ್ಲದ ತಿಂಗಳು 17. ನಲವತ್ತು ಎಲ್ಲಿಂದ ಬಂತು?

ಇನ್ನೊಂದು ತಮಾಷೆ ಇದೆ. ಅರ್ಜಿಯಲ್ಲಿ ನಲವತ್ತು ಬರೆಯುವ ಘಟಕವೇ ಹಾಜರಿ ಪುಸ್ತಕದಲ್ಲಿ 19 ದಾಟದ ಹಾಗೆ ಹುಷಾರಾಗಿರುತ್ತದೆ. ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐ 10 ಜನರಿಂದ ಶುರು, ಭವಿಷ್ಯನಿಧಿ ಅಂದರೆ ಪಿಎಫ್ 20 ಜನರಿಂದ. ತಿಂಗಳಿಗೆ 20,000 ಸಂಬಳ, ಅದರಲ್ಲಿ ಪಿಎಫ್ ಲೆಕ್ಕಕ್ಕೆ 15,000 ಅಂದುಕೊಳ್ಳಿ. ಮಾಲೀಕನ ಪಾಲು ಶೇ 12, ಅಂದರೆ 1,800. ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಇನ್ನೊಂದು 150. ಇಪ್ಪತ್ತನೆಯವನು ಸೇರಿದ ತಿಂಗಳಿಂದ ಇದು ಅವನೊಬ್ಬನಿಗಲ್ಲ, ಎಲ್ಲರಿಗೂ ಅನ್ವಯ. ಎಲ್ಲರದೂ ಅದೇ ಮಟ್ಟದ ಸಂಬಳವಾದರೆ ತಿಂಗಳಿಗೆ 39,000. ಆಮೇಲೆ ಜನ ಹತ್ತಕ್ಕೆ ಇಳಿದರೂ ಪಿಎಫ್ ಬಿಡುವಂತಿಲ್ಲ. ಹಾಗಾಗಿ ಇಪ್ಪತ್ತನೆಯವನು ಕಂಟ್ರಾಕ್ಟರ್ ಹೆಸರಿನಲ್ಲಿ ಬರುತ್ತಾನೆ, ಇಲ್ಲವೇ ಮಾಲೀಕನ ಭಾವಮೈದುನ ಪ್ಯಾಕಿಂಗಿಗೆ ಕೂರುತ್ತಾನೆ. ಕಂಟ್ರಾಕ್ಟ್ ಕೆಲಸಗಾರರೂ ಲೆಕ್ಕಕ್ಕೆ ಬರುತ್ತಾರೆಂದು ಕಾನೂನು ಹೇಳುತ್ತದೆ. ಅದನ್ನು ಓದಿದವರೂ ಹಾಗೇ ಮಾಡುತ್ತಾರೆ. ನನಗೆ ಅವರ ಮೇಲೆ ಪೂರ್ತಿ ಸಿಟ್ಟೂ ಬರುವುದಿಲ್ಲ, ಪೂರ್ತಿ ಕನಿಕರವೂ ಇಲ್ಲ. ಕೈ ಬೆರಳು ಕಳೆದುಕೊಳ್ಳುವ ಅಪಾಯವಿರುವ ಕೆಲಸಕ್ಕೆ ಪಿಎಫ್ ಕೊಡದೆ ಉಳಿಸುವುದು ಯಾವ ಜಾಣತನ?

ಆ ನಲವತ್ತು ಅಲ್ಲೇ ಕೂರುವುದಿಲ್ಲ, ಮೇಲೆ ಹತ್ತುತ್ತದೆ. 2002ರ ಕೈಗಾರಿಕಾ ಸೌಲಭ್ಯ ಕಾಯ್ದೆಯ ಪ್ರಕಾರ 15 ಕೋಟಿವರೆಗಿನ ಯೋಜನೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಹೋಗುತ್ತದೆ. ಅಲ್ಲಿಂದ 500 ಕೋಟಿವರೆಗೆ ಎಲ್ಲ ಅನುಮತಿಯನ್ನೂ ಒಂದೇ ಕಡೆ ನೋಡುವ ರಾಜ್ಯಮಟ್ಟದ ಏಕಗವಾಕ್ಷಿ ಸಮಿತಿ, ಅದರಾಚೆಯದು ಮುಖ್ಯಮಂತ್ರಿಗಳ ಸಮಿತಿ. ಸಭೆ ಮುಗಿದ ಸಂಜೆ ಇಷ್ಟು ಕೋಟಿ ಹೂಡಿಕೆ, ಇಷ್ಟು ಸಾವಿರ ಉದ್ಯೋಗ ಎಂದು ಪ್ರಕಟಣೆ ಬರುತ್ತದಲ್ಲ, ಆ ಸಾವಿರಗಳು ಇಂಥ ಕಾಲಮ್ಮುಗಳ ಮೊತ್ತ. 2025ರ ಫೆಬ್ರುವರಿಯಲ್ಲಿ ಅರಮನೆ ಮೈದಾನದ ಹೂಡಿಕೆದಾರರ ಸಮಾವೇಶ 10.27 ಲಕ್ಷ ಕೋಟಿಯ ಭರವಸೆಯೊಂದಿಗೆ ಮುಗಿಯಿತು. ಅದೇ ವೇದಿಕೆಯಲ್ಲಿ ಬಂದ 2025-30ರ ಕೈಗಾರಿಕಾ ನೀತಿಯ ಗುರಿ 20 ಲಕ್ಷ ಉದ್ಯೋಗ. ಗುರಿ ದೊಡ್ಡದಿರುವುದರಲ್ಲಿ ತಪ್ಪಿಲ್ಲ. ಸಬ್ಸಿಡಿ ಕೇಳುವ ಹೊತ್ತಿಗೆ ಒಂದಿಷ್ಟು ದಾಖಲೆ ತೋರಿಸಬೇಕಾಗುತ್ತದೆ ಅನ್ನುವುದೂ ನಿಜ. ಸಬ್ಸಿಡಿ ಕೇಳದವರ ನಲವತ್ತು ಮಾತ್ರ ನಲವತ್ತಾಗಿಯೇ ಉಳಿಯುತ್ತದೆ.

2024ರ ಜುಲೈಯಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲು ಎಂಬ ಮಸೂದೆ ಸಂಪುಟ ದಾಟಿ, ಗದ್ದಲವಾಗಿ, ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಪರವಾಗಿ ಕೂಗಿದವರೂ ವಿರೋಧವಾಗಿ ಕೂಗಿದವರೂ ಶೇಕಡಾವಾರು ಹಿಡಿದೇ ಜಗಳವಾಡಿದರು. ಎಷ್ಟರಲ್ಲಿ ಶೇ 70 ಅಂತ ಯಾರೂ ಕೇಳಿದ್ದು ಕಾಣಲಿಲ್ಲ.

ಹಾಗಾದರೆ ಆ ಇಪ್ಪತ್ತು ಜನರಾದರೂ ಕೆಲಸಕ್ಕೆ ಬರುವ ಹಾಗೆ ಸರ್ಕಾರ ಏನು ಮಾಡಬಹುದು? ಜಾಗ ಕೊಡುವುದು ಎಲ್ಲರಿಗೂ ಗೊತ್ತಿರುವ ಬಾಬತ್ತು. ಎಲ್ಲ ಅನುಮತಿಗೂ ಕಾಯದೆ ಅಫಿಡವಿಟ್ ಕೊಟ್ಟು ಕಟ್ಟಡ ಶುರುಮಾಡಬಹುದೆಂಬ, ಕೈಗಾರಿಕಾ ಸೌಲಭ್ಯ ಕಾಯ್ದೆಯ 2020ರ ತಿದ್ದುಪಡಿಯನ್ನು ನಿಜವಾಗಿ ಮೆಚ್ಚಬೇಕು. ಅದಾದ ಮೇಲೆ ಕೈಕೊಡುವುದು ಕರೆಂಟು. ಸಿಎನ್‌ಸಿಗೆ ಅರ್ಧ ಗಂಟೆಯ ಪವರ್‌ಕಟ್ಟೂ ಒಂದೇ, ಅರೆಕ್ಷಣದ ವೋಲ್ಟೇಜ್ ಕುಸಿತವೂ ಒಂದೇ. ಯಂತ್ರ ಅಲಾರಂ ಕೊಟ್ಟು ತಿರುಗುವ ಸ್ಪಿಂಡಲ್ ನಿಲ್ಲುತ್ತದೆ, ಟೂಲ್ ಲೋಹದೊಳಗೇ ಸಿಕ್ಕಿಬೀಳುತ್ತದೆ, ಅದರ ತುದಿಯ ಇನ್ಸರ್ಟಿನ ಮೂತಿ ಮುರಿಯುತ್ತದೆ, ಆ ಪೀಸು ಗುಜರಿಗೆ. ಯುಪಿಎಸ್ ಸಾಮಾನ್ಯವಾಗಿ ಕಂಟ್ರೋಲರನ್ನು ಕಾಯುತ್ತದೆಯೇ ಹೊರತು ಸ್ಪಿಂಡಲ್ ಮೋಟಾರನ್ನಲ್ಲ. ಜನರೇಟರ್ ಲೋಡ್ ಹಿಡಿಯುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ, ಡೀಸೆಲ್ ಕರೆಂಟಿನ ಖರ್ಚೋ ಲೈನಿನ ದುಪ್ಪಟ್ಟಿಗೂ ಮೇಲೆ. ದಿನಕ್ಕೆರಡು ಸಲ ಹೀಗಾದರೆ ಮಾಲೀಕ ಮೊದಲು ಕೈಬಿಡುವುದು ಮೂರನೇ ಪಾಳಿಯನ್ನು. ಮೂವರ ಕೆಲಸ ಹೋಯಿತು. ಫೀಡರಿಗೆ ತಾಗುವ ಕೊಂಬೆ ಕಡಿಯುವುದು, ಹಳೆಯ ಜಾಯಿಂಟ್ ಬದಲಿಸುವುದು, ಅತಿಯಾಗಿ ಲೋಡಾದ ಟ್ರಾನ್ಸ್‌ಫಾರ್ಮರನ್ನು ಎರಡಾಗಿ ಒಡೆಯುವುದು ಯಾವ ಸಮಾವೇಶದ ವೇದಿಕೆಗೂ ಹತ್ತುವ ಸುದ್ದಿಯಲ್ಲ, ಉದ್ಯೋಗ ಸೃಷ್ಟಿ ಅನ್ನುವುದರಲ್ಲಿ ದೊಡ್ಡ ಪಾಲು ಮಾತ್ರ ಇದೇ.

ಆಮೇಲೆ ಬಸ್ಸು. ಲಗ್ಗೆರೆ, ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ಸೆಟ್ಟರ್ ತುಮಕೂರಿನಾಚೆಗೆ ದಿನಾ ಓಡಾಡುವವನಲ್ಲ. ಹಾಗಾಗಿ ಸುತ್ತಲ ಹಳ್ಳಿಯವರನ್ನೇ ತೆಗೆದುಕೊಳ್ಳಬೇಕು, ಅದು ಒಳ್ಳೆಯದೇ. ಅಳತೆ ನೋಡುವ ಕೆಲಸಕ್ಕೆ ಐಟಿಐ ಮುಗಿಸಿದ ಹೆಣ್ಣುಮಕ್ಕಳು ಚೆನ್ನಾಗಿ ಹೊಂದುತ್ತಾರೆ, ಮೈಕ್ರೋಮೀಟರ್ ಹಿಡಿಯುವ ತಾಳ್ಮೆ ಅವರಿಗಿದೆ. 2023ರ ಜೂನ್‌ನಿಂದ ಅವರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಆದರೆ ಎರಡನೇ ಪಾಳಿ ಬಿಡುವುದು ರಾತ್ರಿ ಹತ್ತರ ಸುಮಾರಿಗೆ. ಆ ಹೊತ್ತಿಗೆ ಕೈಗಾರಿಕಾ ಪ್ರದೇಶದ ಗೇಟಿಗೆ ಬಸ್ಸು ಬರದಿದ್ದರೆ ಟಿಕೆಟ್ ಉಚಿತವಾಗಿ ಏನು ಬಂತು? ಪಾಳಿಯ ಗಂಟೆಗೆ ಬಸ್ಸಿನ ವೇಳಾಪಟ್ಟಿ ಹೊಂದಿಸಲು ಹೊಸ ನೀತಿ ಬೇಕಿಲ್ಲ.

ಕಲಿಸುವ ಕೆಲಸವನ್ನು ಈ ರಾಜ್ಯ ಮಾಡದೆ ಇಲ್ಲ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ಮಾಡುವ ಕೆಲಸ) ಕಲಿತು ಬಂದ ಹುಡುಗರನ್ನು ಪೀಣ್ಯದಲ್ಲಿ ಕಿತ್ತಾಡಿ ತೆಗೆದುಕೊಳ್ಳುತ್ತಾರೆ. ಕೊರತೆ ಇರುವುದು ಅಂಥವರ ಸಂಖ್ಯೆಯಲ್ಲಿ.

ಎಣಿಸುವುದು ಕಷ್ಟವೇ? ಕೇಂದ್ರ ಸರ್ಕಾರ 2025ರ ಆಗಸ್ಟ್‌ನಿಂದ ಹೊಸ ನೇಮಕಕ್ಕೆ ಮಾಲೀಕರಿಗೆ ತಲೆಗೆ ತಿಂಗಳಿಗೆ 3,000ದವರೆಗೆ ಕೊಡುವ ಯೋಜನೆ ತಂದಿದೆ. ಅದರ ಲೆಕ್ಕ ನಡೆಯುವುದು ಪಿಎಫ್ ದಾಖಲೆಯ ಮೇಲೆ. 50ಕ್ಕಿಂತ ಕಡಿಮೆ ಜನರಿರುವ ಘಟಕ ಕನಿಷ್ಠ ಇಬ್ಬರನ್ನು ಹೆಚ್ಚಿಗೆ ತೆಗೆದುಕೊಂಡಿರಬೇಕು. ಪ್ರತಿ ತಿಂಗಳು 15ರೊಳಗೆ ಕಟ್ಟುವ ಪಿಎಫ್, ಇಎಸ್‌ಐ ವಂತಿಗೆಯಲ್ಲಿ ಕೆಲಸಗಾರರ ಹೆಸರು, ಸಂಬಳ, ದಿನ ಎಲ್ಲ ಇವೆ. ರಾಜ್ಯದ ಏಕಗವಾಕ್ಷಿ ಅರ್ಜಿಯಲ್ಲಿ "ಉದ್ಯೋಗ ಎಷ್ಟು" ಎಂಬುದರ ಪಕ್ಕ ಘಟಕದ ಪಿಎಫ್, ಇಎಸ್‌ಐ ಕೋಡ್ ಸಂಖ್ಯೆಗೆ ಜಾಗ ಬಿಟ್ಟು, ಉತ್ಪಾದನೆ ಶುರುವಾದ ಮೂರನೇ ವರ್ಷ ಬರೆದ ಸಂಖ್ಯೆಯನ್ನೂ ವಂತಿಗೆಯ ತಲೆಲೆಕ್ಕವನ್ನೂ ಹೋಲಿಸಿ ಜಿಲ್ಲಾವಾರು ಪ್ರಕಟಿಸಿದರೆ ಸಾಕು. ದಂಡ ಬೇಡ, ನೋಟಿಸೂ ಬೇಡ. ಹತ್ತರೊಳಗಿನ ಘಟಕಗಳಿಗೆ ಸಾಮಾನ್ಯವಾಗಿ ಈ ಎರಡೂ ಕೋಡ್ ಇರುವುದಿಲ್ಲ, ಪೀಣ್ಯದ ಗಲ್ಲಿಗಳ ತುಂಬ ಇರುವುದು ಅಂಥವೇ. ಅಲ್ಲಿ ವಿದ್ಯುತ್ ಮೀಟರೇ ಗತಿ: ಮೂರು ತಿಂಗಳು ಬಳಕೆ ಅರ್ಧಕ್ಕಿಳಿದ ಶೆಡ್ಡಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಒಬ್ಬರು ಹೋಗಿ ವಿಚಾರಿಸಿದರೆ ಪಾಳಿ ನಿಂತದ್ದು ಆರ್ಡರ್ ಇಲ್ಲದೆಯೋ, ಬಾಕಿ ಹಣ ಬಾರದೆಯೋ, ಆಪರೇಟರ್ ಸಿಗದೆಯೋ ಅನ್ನುವುದಾದರೂ ತಿಳಿಯುತ್ತದೆ.