ಕುಸ್ಕೊ ಸುತ್ತಿನ ನಡಿಗೆ: ಐದರಲ್ಲಿ ಮೂರು ಮುಗಿಯಿತು

ಎಡ ಮಂಡಿ ಊದಿಕೊಂಡಿದೆ. ಹಾಗಾಗಿ ಇವತ್ತು ಪೆರುವಿನ ಉರುಬಂಬಾ ಊರಿನಲ್ಲಿ ರಜೆ. ಕಾಲು ಬಿಸಿನೀರಿನ ಬಕೆಟ್ಟಿನಲ್ಲಿ, ನೋಟ್‌ಬುಕ್ಕು ತೊಡೆಯ ಮೇಲೆ.

ನಾನು ಹಾಕಿಕೊಂಡ ನಿಯಮ ಸರಳ. ಪ್ರತಿ ನಡಿಗೆಯಲ್ಲೂ ಇಂಕಾ ಕಾಲದ ಒಂದು ಜಾಗ ಮತ್ತು ಜನ ಸೇರುವ ಒಂದು ಊರು ಇರಬೇಕು, ನಡುವಿನ ಹಾದಿ ಕಾಲ್ನಡಿಗೆಯಲ್ಲೇ ಆಗಬೇಕು. ಶುರುವಿನ ಜಾಗ ಮುಟ್ಟುವವರೆಗೆ ಮಾತ್ರ ವ್ಯಾನು ಹತ್ತಬಹುದು. ಈ ಇಂಕಾ ಜಾಗಗಳನ್ನು ನೋಡಲು 130 ಸೋಲ್ (ಇಲ್ಲಿನ ಹಣ) ಕೊಟ್ಟು ಕೊಂಡ ಟಿಕೆಟ್ಟಿಗೆ ಹತ್ತು ದಿನದ ಗಡುವು. ಆರು ದಿನ ಆಗಲೇ ಕಳೆದಿದೆ.

ಮೊದಲನೆಯದು ತಂಬೊಮಚಾಯ್‌ನಿಂದ ಕುಸ್ಕೊಗೆ, ಸುಮಾರು 8 ಕಿ.ಮೀ. ಬಹುಪಾಲು ಇಳಿಜಾರು, ಆದರೂ ಏದುಸಿರು. ಕುಸ್ಕೊ ಊರೇ 3,400 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಹೆಚ್ಚುಕಡಿಮೆ 1,500 ಮೀಟರ್ ಮೇಲೆ. ತಂಬೊಮಚಾಯ್‌ನ ಕಲ್ಲುಗೋಡೆಯಿಂದ ನೀರು ಇವತ್ತಿಗೂ ಧಾರೆಯಾಗಿ ಬೀಳುತ್ತಿದೆ. ಅಲ್ಲಿಂದ ಪುಕಾ ಪುಕಾರಾ, ಕೆಂಕೊ ದಾಟಿ ಸಾಕ್ಸಾಯ್‌ವಮಾನ್. ಅಂಕುಡೊಂಕಾದ ಮೂರು ಸಾಲು ಗೋಡೆ, ಗಾರೆಯಿಲ್ಲ, ದೊಡ್ಡ ಕಲ್ಲುಗಳು ನೂರು ಟನ್ನಿಗೂ ಹೆಚ್ಚು. ಕಲ್ಲಿನ ಮುಖ ದಿಂಬಿನಂತೆ ಉಬ್ಬಿ ಅಂಚು ಒಳಸರಿಯುವಂತೆ ಕೆತ್ತಿರುವುದರಿಂದ ಸಂಜೆಯ ಓರೆ ಬಿಸಿಲಿಗೆ ಪ್ರತಿ ಸಂದಿನಲ್ಲೂ ನೆರಳಿನ ಗೆರೆ ಮೂಡುತ್ತದೆ. ಸಣ್ಣ ಕಲ್ಲುಗಳನ್ನು ಸ್ಪೇನಿನವರು ಕೆಳಗಿನ ಊರು ಕಟ್ಟಲು ಹೊತ್ತೊಯ್ದರು. ಈಗ ನಾವು ಬಾಯಿ ಬಿಟ್ಟು ನೋಡುವುದು ಅವರ ಕೈಯಲ್ಲಿ ಹೊರಲಾಗದೆ ಉಳಿದದ್ದನ್ನು.

ಎರಡನೆಯದು ಪಿಸಾಕ್. ಬುದ್ಧಿ ಇದ್ದವರು ಟ್ಯಾಕ್ಸಿಯಲ್ಲಿ ಮೇಲಿನ ಗೇಟಿಗೆ ಹೋಗಿ ಇಳಿದು ಬರುತ್ತಾರೆ. ನಾನು ಸಂತೆಯಿಂದ ಹತ್ತಿದೆ, ಅದೂ ನಡುಮಧ್ಯಾಹ್ನ, ಒಂದೇ ಲೀಟರ್ ನೀರಿಟ್ಟುಕೊಂಡು. ಮೆಟ್ಟಿಲು, ಮೆಟ್ಟಿಲು ಹೊಲ, ಮತ್ತೆ ಮೆಟ್ಟಿಲು. ಎದುರಿನ ಕಡಿದಾದ ಬಂಡೆಯ ತುಂಬ ತೂತುಗಳು. ಅವೆಲ್ಲ ಗೋರಿಗಳು, ಎಂದೋ ಲೂಟಿಯಾದವು. ಅದನ್ನು ನೋಡುವ ನೆಪದಲ್ಲಿ ಅರ್ಧ ಗಂಟೆ ಕೂತೆ.

ನಿಜ ಹೇಳಬೇಕೆಂದರೆ ನನಗೆ ಸಂತೆಯೇ ಹೆಚ್ಚು ಹಿಡಿಸಿತು. ಅರ್ಧ ಭಾಗ ಪ್ರವಾಸಿಗರಿಗೆ ಮೀಸಲು: ಅಲ್ಪಾಕಾ ಉಣ್ಣೆ ಅನ್ನುವ ಸ್ವೆಟರುಗಳಲ್ಲಿ ಎಷ್ಟೋ ಬರೀ ಅಕ್ರಿಲಿಕ್. ತರಕಾರಿ ಕಡೆ ಹೋದರೆ ಬೇರೆಯದೇ ಲೋಕ. ಹಾಸನದ ಕಡೆಯವನಾದ ನನಗೆ ಆಲೂಗಡ್ಡೆ ಎಂದರೆ ಒಂದೇ ಬಣ್ಣ. ಇಲ್ಲಿ ನೇರಳೆ, ಹಳದಿ, ಶುಂಠಿಯ ಹಾಗೆ ಗಂಟುಗಂಟಾದವೂ ಉಂಟು. ಪಕ್ಕದ ಚೀಲದಲ್ಲಿ ಬೆಣಚುಕಲ್ಲಿನಂಥ ಚುನ್ಯೊ. ಆಲೂಗಡ್ಡೆಯನ್ನು ರಾತ್ರಿಯ ಕೊರೆಯುವ ಚಳಿಗೆ ಹರವಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಒಣಗಿಸಿದ್ದು. ವರ್ಷಗಟ್ಟಲೆ ಕೆಡುವುದಿಲ್ಲ.

ದಾರಿಗೆಂದು ಕಂಚಾ, ಅಂದರೆ ಹುರಿದ ಮೆಕ್ಕೆಜೋಳ, ಕೊಳ್ಳುತ್ತಿದ್ದೆ. ನನ್ನ ಪಕ್ಕದ ಹೆಂಗಸು ತನ್ನ ಚೀಲ ಹಿಡಿದು ಕದಲದೆ ನಿಂತು, ‘ಯಾಪಿತಾ, ಕಸೆರಿತಾ’ ಎಂದಳು. ಮಾರುವಾಕೆ ಇನ್ನೊಂದು ಹಿಡಿ ಸುರಿದಳು. ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಕೊಸರು! ನಮ್ಮಜ್ಜಿ ಸೊಪ್ಪಿನವಳ ಬುಟ್ಟಿ ಬಿಟ್ಟು ಏಳುತ್ತಿರಲಿಲ್ಲವಲ್ಲ, ಅದೇ. ನಾನೂ ‘ಯಾಪಿತಾ’ ಎಂದೆ. ಆಕೆ ನಕ್ಕು ನನ್ನ ಅಂಗೈಗೆ ಎಣಿಸಿದಂತೆ ಐದಾರು ಕಾಳು ಹಾಕಿದಳು.

ಮೂರನೆಯದು ಭಾನುವಾರ, ಚಿಂಚೆರೊದಿಂದ ಉರ್ಕಿಯೋಸ್‌ಗೆ. ಚಿಂಚೆರೊ ಎಂದರೆ ಇಂಕಾ ದೊರೆ ತೂಪಾಕ್ ಇಂಕಾ ಯುಪಾಂಕಿ ಅರಮನೆ ಕಟ್ಟಿಸಿಕೊಂಡಿದ್ದ ಊರು. ಆ ಗೋಡೆಗಳ ಮೇಲೇ ಈಗ ಸುಣ್ಣ ಬಳಿದ ಚರ್ಚು ಕೂತಿದೆ. ನೇಯುವ ಮನೆಯೊಂದರ ಅಂಗಳದಲ್ಲಿ ಒಬ್ಬಾಕೆ ಪಾಪಾಸುಕಳ್ಳಿಯ ಎಲೆಯಿಂದ ಹುಳು ಕೆರೆದು ತೆಗೆದಳು. ನೋಡಲು ದಾಸವಾಳಕ್ಕೆ ಬರುವ ಹಿಟ್ಟು ತಿಗಣೆಯಂತೆ ಬಿಳಿ. ನನ್ನ ಅಂಗೈಯಲ್ಲಿ ಹೊಸಕಿದಳು, ಕಡುಗೆಂಪು. ನಿಂಬೆ ಹಿಂಡಿದಳು, ಕಿತ್ತಳೆ. ಚೂರು ಅಡುಗೆ ಸೋಡಾ ಉದುರಿಸಿದಳು, ನೇರಳೆ. ಮೂರು ದಿನವಾದರೂ ಉಗುರ ಸಂದಿನಲ್ಲಿ ಆ ಬಣ್ಣ ಉಳಿದಿದೆ.

ಅಲ್ಲಿಂದ ಕಣಿವೆಗೆ ಸುಮಾರು 850 ಮೀಟರ್ ಇಳಿತ. ಮಂಡಿ ಹೋದದ್ದು ಇಲ್ಲೇ. ಹಳೆಯ ಕಲ್ಲುಹಾಸು ಕೆಲವೆಡೆ ಸೊಗಸಾಗಿದೆ, ಕೆಲವೆಡೆ ಜಲ್ಲಿಯಷ್ಟೇ. ಕವಲಿನಲ್ಲಿ ತಪ್ಪಿ ಯಾರದೋ ಹುರುಳಿಕಾಯಿ ಹೊಲ ಹೊಕ್ಕೆ. ಕುರಿ ಕಾಯುತ್ತಿದ್ದ ಮುದುಕಿ ಮಾತಾಡದೆ ಕೋಲಿನಿಂದಲೇ ದಾರಿ ತೋರಿಸಿದಳು. ‘ಸುಲ್ಪೈಕಿ’ ಎಂದೆ, ಧನ್ಯವಾದಕ್ಕೆ ಇಲ್ಲಿನವರ ಕೆಚುವಾ ಭಾಷೆಯಲ್ಲಿ ನನಗೆ ಗೊತ್ತಿರುವ ಒಂದೇ ಪದ. ಅವಳ ಕೋಲು ನೋಡಿ ನನಗೂ ಒಂದು ಬೇಕಿತ್ತು ಅನ್ನಿಸಿದ್ದು ಕೆಳಗೆ ತಲುಪಿದ ಮೇಲೆ.

ಇನ್ನು ಎರಡು ಬಾಕಿ. ಮೊರಾಯ್‌ನ ವೃತ್ತಾಕಾರದ ಮೆಟ್ಟಿಲು ಹೊಲಗಳಿಂದ ಮಾರಾಸ್ ಊರಿಗೆ, ಅಲ್ಲಿಂದ ಉಪ್ಪಿನ ಮಡಿಗಳ ಪಕ್ಕದಿಂದ ನದಿಗೆ. ಮೂರು ಸಾವಿರಕ್ಕೂ ಹೆಚ್ಚು ಮಡಿಗಳಿವೆ, ಇಂದಿಗೂ ಊರ ಕುಟುಂಬಗಳದ್ದೇ. ಕೊನೆಯದು ಒಯಾಂತಾಯ್ತಂಬೊ. ದೇಗುಲದ ಗುಲಾಬಿ ಕಲ್ಲುಗಳನ್ನು ನದಿಯಾಚೆಯ ಕಾಚಿಕಾತಾ ಗಣಿಯಿಂದ ಎಳೆದು ತಂದರು. ಅರ್ಧದಲ್ಲೇ ಉಳಿದವು ದಾರಿಯುದ್ದ ಬಿದ್ದಿವೆ, ಅವನ್ನು ‘ದಣಿದ ಕಲ್ಲು’ ಅನ್ನುತ್ತಾರೆ. ಗಣಿಯವರೆಗೆ ಹತ್ತುವ ಆಸೆಯಿದೆ, ಮಂಡಿ ಒಪ್ಪಿದರೆ.

ಬಕೆಟ್ಟಿನ ನೀರು ಆರಿತು. ಬೆಳಿಗ್ಗೆ ಮೊದಲ ಕೆಲಸ ಮಾರುಕಟ್ಟೆಗೆ ಹೋಗಿ ಕೋಲು ಕೊಳ್ಳುವುದು. ಕೋಲಿಗೆ ಯಾಪಾ ಏನು ಕೊಡುತ್ತಾರೋ ಕೇಳಿ ನೋಡಬೇಕು.