18 ಡಿಗ್ರಿ ತಪ್ಪಿಗೆ ಮೂರು ವಾರ

ಪರಮಾಣುವಿನ ನ್ಯೂಕ್ಲಿಯಸ್ ಅಂದರೆ ಗುಂಡಗಿನ ಚೆಂಡು ಅಂತ ಶಾಲೆಯ ಚಿತ್ರಗಳು ನಮ್ಮ ತಲೆಯಲ್ಲಿ ಕೂರಿಸಿಬಿಟ್ಟಿವೆ, ಅಲ್ವಾ? ಎಲ್ಲವೂ ಹಾಗಿಲ್ಲ. ಕೆಲವು ತೆಂಗಿನಕಾಯಿಯ ಹಾಗೆ ಉದ್ದ, ಕೆಲವು ಸಿಹಿಗುಂಬಳದ ಹಾಗೆ ಚಪ್ಪಟೆ. ರೇಡಿಯಂ-224 ಪಿಯರ್ ಹಣ್ಣಿನ ಆಕಾರದ್ದು. ಜಿನೀವಾ ಬಳಿಯ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ, ಐಸೋಲ್ಡೆ ಎಂಬ ಘಟಕದ ಪ್ರಯೋಗ 2013ರಲ್ಲಿ ಇದನ್ನು ತೋರಿಸಿತು. ಆ ಪ್ರಯೋಗದ ವಿಧಾನವೇ ಕೂಲಂಬ್ ಎಕ್ಸೈಟೇಶನ್. ನಾವು 'ಕೂಲೆಕ್ಸ್' ಅನ್ನುತ್ತೇವೆ. ನನ್ನ ಕೆಲಸವೂ ಅದೇ.

ಒಂದು ನ್ಯೂಕ್ಲಿಯಸ್ಸನ್ನು ಇನ್ನೊಂದರ ಪಕ್ಕದಲ್ಲೇ ಹಾಯಿಸುತ್ತೇವೆ, ಆದರೆ ತಾಗಿಸುವುದಿಲ್ಲ. ಎರಡರ ಅಂಚಿನ ನಡುವೆ 5 ಫೆಮ್ಟೋಮೀಟರ್ ಆದರೂ ಜಾಗ ಇರಬೇಕು (ಒಂದು ಫೆಮ್ಟೋಮೀಟರ್ ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಅಷ್ಟು ದೂರದಲ್ಲಿ ಕೆಲಸ ಮಾಡುವುದು ವಿದ್ಯುತ್ ಬಲ ಮಾತ್ರ. ಅದರ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. ಆ ಬಲ ನ್ಯೂಕ್ಲಿಯಸ್ಸಿಗೆ ಶಕ್ತಿ ತುಂಬುತ್ತದೆ, ಆ ಶಕ್ತಿಯನ್ನು ಅದು ಗಾಮಾ ಕಿರಣವಾಗಿ ಹೊರಗೆ ಬಿಡುತ್ತದೆ. ಹಾಗಾಗಿ ಎಷ್ಟು ಗಾಮಾ ಕಿರಣ ಬಂತು ಅನ್ನುವುದರಿಂದ ಆಕಾರದ ಸುಳಿವು ಸಿಗುತ್ತದೆ.

ನಾನು ಹೊಸಬನಾಗಿದ್ದಾಗ ತವರ-116ರ ತೆಳು ಹಾಳೆಯ ಮೇಲೆ ನಿಕಲ್ ಬೀಮ್, ಅಂದರೆ ವೇಗವಾಗಿ ಓಡುವ ನಿಕಲ್ ಕಣಗಳ ಧಾರೆ, ಬಿಟ್ಟಿದ್ದೆವು. ತವರದ ಗಾಮಾದ ಶಕ್ತಿ 1294 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಕಾಣಬೇಕು. ಆದರೆ ನಿಕಲ್ ದೂಡಿದ ತವರ ಬೆಳಕಿನ ವೇಗದ ಸುಮಾರು ಶೇಕಡ 2ರಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಓಡುತ್ತಲೇ ಗಾಮಾ ಬಿಡುವುದರಿಂದ ಶಕ್ತಿ ಆಚೀಚೆ ಸರಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ನಿಕಲ್ ಯಾವ ಕಡೆ ಚಿಮ್ಮಿತು ಅಂತ ಗೊತ್ತಾದರೆ ಇದನ್ನು ಸರಿಪಡಿಸಬಹುದು. ಅದಕ್ಕೇ ಸುತ್ತಲೂ 20 ಹೋಳುಗಳ ಡಿಟೆಕ್ಟರ್ ಇಟ್ಟಿದ್ದೆವು, ಒಂದೊಂದು ಹೋಳು 18 ಡಿಗ್ರಿ.

ಸರಿಪಡಿಸಿದ ಮೇಲೂ ಗಾಮಾ ಶಕ್ತಿಯ ನಕ್ಷೆಯಲ್ಲಿ 1294ರ ಶಿಖರ ಚೂಪಾಗಲಿಲ್ಲ. ದಿಣ್ಣೆಯ ಹಾಗೆ ಹರಡಿಕೊಂಡೇ ಇತ್ತು. ಸರಿಪಡಿಸುವ ಕೋಡಿನಲ್ಲಿ ವೇಗ ಬದಲಿಸಿದೆ, ಹಾಳೆಯ ದಪ್ಪ ಬದಲಿಸಿದೆ, ಹೀಗೇ ಮೂರು ವಾರ ಕೂತೆ. ಆಮೇಲೆ ಜೊತೆಗಿದ್ದ ಹಿರಿಯರೊಬ್ಬರು ಹೇಳಿದರು: "ಕೋಡ್ ಮುಚ್ಚಿಡಪ್ಪ. ಸರಿಪಡಿಸದ ಶಕ್ತಿಯನ್ನೇ ಕೋನದ ಎದುರು ಹಾಕಿ ನೋಡು."

ನಿಕಲ್ ಹೋದ ದಿಕ್ಕಿಗೂ ಗಾಮಾ ಬಂದ ದಿಕ್ಕಿಗೂ ನಡುವಿನ ಕೋನ ಅಡ್ಡಕ್ಕೆ, ಶಕ್ತಿ ಉದ್ದಕ್ಕೆ ಹಾಕಿದೆ. ಚಂದದ ಅಲೆ ಬಂತು. ನಿಕಲ್ ಒಂದು ಕಡೆ ಹೋದರೆ ತವರ ಅದರ ಎದುರು ಕಡೆ ಹೋಗುತ್ತದೆ. ತವರ ಓಡುವ ಕಡೆಗೇ ಬಿಟ್ಟ ಗಾಮಾದ ಶಕ್ತಿ ಅತಿ ಹೆಚ್ಚು ಕಾಣುತ್ತದೆ, ಹಾಗಾಗಿ ಅಲೆಯ ನೆತ್ತಿ 180 ಡಿಗ್ರಿಯಲ್ಲಿರಬೇಕು. ನನ್ನದು 162ರಲ್ಲಿತ್ತು. ಸರಿಯಾಗಿ ಒಂದು ಹೋಳಿನಷ್ಟು ವ್ಯತ್ಯಾಸ.

ಕೇಬಲ್ ಹಾಕಿದವನು ನಾನೇ. ಮೊದಲನೇ ಹೋಳಿನ ಕೇಬಲ್ ಎರಡನೇ ಚಾನೆಲ್‌ಗೆ, ಎರಡನೆಯದು ಮೂರಕ್ಕೆ, ಹೀಗೇ ಸುತ್ತಿ ಇಪ್ಪತ್ತನೆಯದು ಒಂದಕ್ಕೆ ಹೋಗಿತ್ತು. ಒಂದೂ ಖಾಲಿ ಇರಲಿಲ್ಲ, ಎಲ್ಲದರಲ್ಲೂ ಸಿಗ್ನಲ್ ಬರುತ್ತಿತ್ತು. ಯಾರಿಗೂ ಅನುಮಾನ ಬರಲು ಕಾರಣವೇ ಇರಲಿಲ್ಲ. ಕೋಡ್‌ನಲ್ಲಿ ಒಂದೇ ಸಾಲು ತಿದ್ದಿದೆ. ಶಿಖರ ಚೂಪಾಗಿ ಎದ್ದು ನಿಂತಾಗ ಕಣ್ಣು ತುಂಬಿ ಬಂತು.

ಬೀಮ್ ಸಿಗುವುದು ವರ್ಷಕ್ಕೆ ಕೆಲವೇ ದಿನ. ಹಾಗಾಗಿ ಈಗ ಬೀಮ್ ಬಂದ ಮೊದಲ ಗಂಟೆಯಲ್ಲೇ ಆ ಅಲೆಯನ್ನು ಬಿಡಿಸುತ್ತೇನೆ, ನೆತ್ತಿ ಎಲ್ಲಿದೆ ಅಂತ ಲಾಗ್‌ಬುಕ್‌ನಲ್ಲಿ ಬರೆಯುತ್ತೇನೆ. ಪಕ್ಕದಲ್ಲೇ ಕೇಬಲ್‌ಗಳ ಫೋಟೋ ಅಂಟಿಸುತ್ತೇನೆ. ಹೊಸದಾಗಿ ಸೇರಿದ ಹುಡುಗರ ಕೈಯಿಂದಲೇ ಮಾಡಿಸುತ್ತೇನೆ, ಅದು 180 ತೋರಿಸುವವರೆಗೂ ಯಾರೂ ಊಟಕ್ಕೆ ಏಳುವುದಿಲ್ಲ.